ವಾಟ್ಸಾಪ್ ಇಲ್ಲದ ಕಾಲದಲ್ಲೇ ಗಣಪ ಹಾಲು ಕುಡಿದಿದ್ದ

‘ಮೂಢನಂಬಿಕೆ ಇಷ್ಟು ಹಬ್ಬಲು ವಾಟ್ಸಾಪೇ ಕಾರಣ, ಮೊದಲು ಜನ ಯೋಚಿಸಿ ನಂಬುತ್ತಿದ್ದರು’ ಅಂತ ಮೂಢನಂಬಿಕೆ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತು ಒಪ್ಪಲು ಕಷ್ಟ. 1995ರ ಸೆಪ್ಟೆಂಬರ್ 21 ಮರೆತುಹೋಯ್ತಾ? ಗಣಪತಿ ಹಾಲು ಕುಡಿಯುತ್ತಾನೆ ಅಂತ ದೆಹಲಿಯಲ್ಲಿ ಬೆಳಗಿನ ಜಾವ ಎದ್ದ ಸುದ್ದಿ ಅದೇ ದಿನ ಲಂಡನ್ನಿನ ದೇವಸ್ಥಾನಗಳನ್ನೂ ಮುಟ್ಟಿತ್ತು. ಆಗ ಮೊಬೈಲ್ ನಮ್ಮ ದೇಶಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಕೆಲಸ ಮಾಡಿದ್ದು ದೂರದ ಊರಿಗೆ ದುಡ್ಡು ಕೊಟ್ಟು ಫೋನ್ ಮಾಡುವ ಎಸ್‌ಟಿಡಿ ಬೂತು, ಟೀವಿ, ಜೊತೆಗೆ ‘ನಮ್ಮ ಅತ್ತೆ ಕಣ್ಣಾರೆ ನೋಡಿದ್ರಂತೆ’ ಅನ್ನುವ ಮಾತು.

ಅವತ್ತು ಗಣಪನಿಗೆ ಹಾಲು ಕುಡಿಸಲು ಸಾಲಿನಲ್ಲಿ ನಿಂತವರನ್ನೆಲ್ಲ ದಡ್ಡರು ಅನ್ನೋದು ಸುಲಭ. ಆದರೆ ಚಮಚವನ್ನು ಸೊಂಡಿಲಿಗೆ ತಾಗಿಸಿದರೆ ಹಾಲು ನಿಜಕ್ಕೂ ಖಾಲಿಯಾಗುತ್ತಿತ್ತು! ಮೇಲ್ಮೈ ಎಳೆತದಿಂದ, ಅಂದರೆ ದ್ರವದ ಮೇಲ್ಮೈ ತೆಳು ಪೊರೆಯ ಹಾಗೆ ಬಿಗಿದುಕೊಳ್ಳುವ ಗುಣದಿಂದ, ಅದು ಚಮಚದ ಅಂಚು ದಾಟಿ, ಕಲ್ಲಿನ ಮೈಮೇಲೆ ತೆಳ್ಳಗೆ ಇಳಿದುಹೋಗುತ್ತಿತ್ತು. ಮೊದಲೇ ಒದ್ದೆಯಾದ ಬಿಳಿ ಅಮೃತಶಿಲೆಯಲ್ಲಂತೂ ಗೊತ್ತೇ ಆಗುತ್ತಿರಲಿಲ್ಲ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕುಡಿಸಿದಾಗ ಹರಿದ ಗೆರೆ ಎದ್ದು ಕಂಡಿತು.

ವಾಟ್ಸಾಪ್‌ನಿಂದ ವೇಗ ಜಾಸ್ತಿ ಆಗಿದೆ, ಅದು ನಿಜ. ಆದರೆ ಫಾರ್ವರ್ಡ್ ಮಾಡುವವರನ್ನು ಸುಮ್ನೆ ಬೈಯುವ ಬದಲು, ಹೀಗೆ ಎಲ್ಲರ ಮುಂದೆ ಮಾಡಿ ತೋರಿಸಿದ ಒಂದು ಉದಾಹರಣೆಯಾದರೂ ಲೇಖನದಲ್ಲಿ ಇರಬೇಕಿತ್ತು, ಅಲ್ವಾ?