ಅಪ್ರೆಂಟಿಸ್‌ಗಳ ನ್ಯಾಯವಾದ ಸಂಭಾವನೆಗಾಗಿ ಶಾಸಕರ ಬಾಗಿಲು ತಟ್ಟಬೇಕೇ?

ಪರ: ಬರೆದು ಕೊಟ್ಟ ಮನವಿಗೆ ಬೆಲೆಯಿದೆ

ಐಟಿಐ ಮುಗಿಸಿದ ಹತ್ತೊಂಬತ್ತರ ಹುಡುಗ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ಎಂಟು ಗಂಟೆ ನಿಲ್ಲುತ್ತಾನೆ. ಆರು ತಿಂಗಳು ಕಳೆಯುವ ಹೊತ್ತಿಗೆ ಪಕ್ಕದ ಕಾಯಂ ಕೆಲಸಗಾರನಷ್ಟೇ ಮಾಲು ತೆಗೆಯುತ್ತಾನೆ. ಆದರೂ 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಅವನನ್ನು ಕಾರ್ಮಿಕನೆಂದು ಒಪ್ಪುವುದಿಲ್ಲ. ತರಬೇತಿ ಪಡೆಯುವವನೆಂದಷ್ಟೇ ಗುರುತಿಸುವುದರಿಂದ ಕನಿಷ್ಠ ವೇತನದ ಆಸರೆಯೂ ಅವನಿಗಿಲ್ಲ. 2019ರಲ್ಲಿ ನಿಯಮ ತಿದ್ದಿದಾಗ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳ ಕನಿಷ್ಠ ಸ್ಟೈಪೆಂಡ್ ಗೊತ್ತುಪಡಿಸಲಾಯಿತು. ಐಟಿಐಯವರ ಪಾಲಿಗೆ ಬಂದದ್ದು 7,000. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು, ಎರಡು ಹೊತ್ತು ಉಂಡು, ಬಸ್ಸು ಹತ್ತುವವರಿಗೆ ಈ ಮೊತ್ತ ಯಾವ ಮೂಲೆಗೆ ಸಾಲುತ್ತದೆ?

ನನ್ನ ತಂಗಿಯ ಮಗ ಇಂಥದೇ ಒಂದು ಕಡೆ ಅಪ್ರೆಂಟಿಸ್ ಆಗಿದ್ದ. ಕ್ಯಾಂಟೀನಿನದೆಂದು, ಬಸ್ಸಿನದೆಂದು ಹಿಡಿದುಕೊಂಡು ಕೈಗೆ ಕೊಡುತ್ತಿದ್ದದ್ದು 5,600. ಭಾನುವಾರವೂ ಕರೆಸುತ್ತಿದ್ದರು. ಅಪ್ರೆಂಟಿಸ್‌ನಿಂದ ತರಬೇತಿಯ ಮೇಲ್ವಿಚಾರಣೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಅವಧಿ ದುಡಿಸಿಕೊಳ್ಳುವಂತಿಲ್ಲ ಎಂದು ಅದೇ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಅವನಿಗೆ ಅದು ಗೊತ್ತಿರಲಿಲ್ಲ, ಅಂದು ನನಗೂ ಗೊತ್ತಿರಲಿಲ್ಲ. ಅವನು ಡೈರಿಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಹನ್ನೊಂದು ಭಾನುವಾರಗಳ ತಾರೀಖು ಗುರುತು ಹಾಕಿಕೊಂಡಿದ್ದ. ಆ ಹಾಳೆಯ ನಕಲನ್ನು ಮನವಿಗೆ ಲಗತ್ತಿಸಿ, ಬೆಳಿಗ್ಗೆ ಏಳಕ್ಕೇ ಶಾಸಕರ ಮನೆಯ ಮುಂದೆ ನಿಂತೆವು. ಇದು ಕೇಂದ್ರದ ಕಾಯ್ದೆ, ನಮ್ಮ ಕೈಯಲ್ಲೇನಿದೆ ಎಂದು ಆಪ್ತ ಸಹಾಯಕರು ಮೊದಲು ಕೈಚೆಲ್ಲಿದರು. ರಾಜ್ಯದ ಅಪ್ರೆಂಟಿಸ್‌ಶಿಪ್ ಸಲಹೆಗಾರರನ್ನು ನೇಮಿಸುವುದು ರಾಜ್ಯ ಸರ್ಕಾರವೇ ಎಂದು ನಮ್ಮ ಜೊತೆ ಬಂದಿದ್ದ ನಿವೃತ್ತ ಐಟಿಐ ಬೋಧಕರು ತಿಳಿಸಿದ ಮೇಲೆ ಕಾಗದಕ್ಕೆ ಮೊಹರು ಬಿತ್ತು. ಶಾಸಕರ ಪತ್ರ ಹೋದ ಮೂರನೇ ವಾರ ತಪಾಸಣೆ ನಡೆಯಿತು. ಭಾನುವಾರದ ಕರೆ ನಿಂತಿತು, ಹಿಡಿದುಕೊಂಡಿದ್ದ ಹಣವೂ ಬಂತು.

ಒಬ್ಬ ಹುಡುಗನಿಗೆ ಆದದ್ದು ಎಲ್ಲರಿಗೂ ಆಗಬೇಕಾದರೆ ವಿಷಯ ಸದನಕ್ಕೆ ಹೋಗಬೇಕು. ಎಷ್ಟು ಕಡೆ ತಪಾಸಣೆ ನಡೆದಿದೆ, ಎಷ್ಟು ದೂರು ಬಂದಿವೆ ಎಂದು ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಎದ್ದು ನಿಂತು ಉತ್ತರಿಸಬೇಕಾಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ನಿಯಮ ಹೇಳುವುದು ಕನಿಷ್ಠ ಮೊತ್ತವನ್ನು ಮಾತ್ರ. ಅದಕ್ಕಿಂತ ಹೆಚ್ಚು ಕೊಡಬಾರದೆಂದು ಎಲ್ಲಿಯೂ ಇಲ್ಲ. ಬೆಸ್ಕಾಂ, ಕೆಎಸ್‌ಆರ್‌ಟಿಸಿಯಂಥ ರಾಜ್ಯದ ಸಂಸ್ಥೆಗಳೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಸ್ಟೈಪೆಂಡ್ ಏರಿಸಲು ದೆಹಲಿಯ ಕಡೆ ನೋಡುತ್ತ ಕೂರುವ ಅಗತ್ಯವಿಲ್ಲ. ಈ ಮಾತನ್ನು ಶಾಸಕರ ಮುಂದೆ ಇಡಬೇಕಾದವರು ನಾವು, ಅದೂ ಒಬ್ಬರಲ್ಲ, ಕ್ಷೇತ್ರಕ್ಕೆ ನೂರು ಜನ.

ವಿರೋಧ: ಅರ್ಜಿ ಹೋಗಬೇಕಾದ ವಿಳಾಸ ಬೇರೆ

ಯುವಕರಿಗೆ ನ್ಯಾಯವಾದ ಸಂಭಾವನೆ ಸಿಗಬಾರದೆಂದು ವಾದಿಸಲು ನನ್ನಿಂದಾಗದು, ವಾದಿಸುವುದೂ ಇಲ್ಲ. ಶಾಸಕರ ಮನೆಯೇ ಅದಕ್ಕೆ ದಾರಿಯೇ ಎಂಬುದಷ್ಟೇ ನನ್ನ ತಕರಾರು.

ಕಾಯ್ದೆ ಕೇಂದ್ರದ್ದು. ಸ್ಟೈಪೆಂಡನ್ನು ಶೇ 36ರಷ್ಟು ಏರಿಸಬೇಕೆಂದು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದ್ದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ. ಯಾವ ರಾಜ್ಯದ ಶಾಸಕರೂ ಅಲ್ಲ. ಬರೆಯುವುದೇ ಆದರೆ ಸಂಸದರಿಗೆ ಬರೆಯಬೇಕು. ಭಾನುವಾರ ದುಡಿಸಿಕೊಂಡರೆಂಬ ದೂರು ನೇರವಾಗಿ ಸಲಹೆಗಾರರ ಕಚೇರಿಗೇ ಹೋಗಬೇಕು. ಕಚೇರಿ ತಾನಾಗಿಯೇ ಮಾಡಬೇಕಾದ ಕೆಲಸಕ್ಕೆ ಶಾಸಕರ ಪತ್ರ ಬೇಕೆಂಬುದನ್ನು ನಾವೇ ರೂಢಿ ಮಾಡಿದರೆ, ಪತ್ರ ತರಲಾಗದ ರಾಯಚೂರಿನ ಹುಡುಗಿಯ ಅರ್ಜಿ ಕಡತದ ಅಡಿಯಲ್ಲೇ ಉಳಿಯುತ್ತದೆ. ಎಲ್ಲ ಕುಂದುಕೊರತೆಗೂ ಮುಖಂಡರ ಮನೆಯ ಮುಂದೆ ಸಾಲು ನಿಲ್ಲುವುದು ನಾಗರಿಕರ ಲಕ್ಷಣವಲ್ಲ.

ವಿಧಾನ ಪರಿಷತ್ತಿನಲ್ಲಿ ಪದವೀಧರ ಕ್ಷೇತ್ರದ ಸದಸ್ಯರಿದ್ದಾರಲ್ಲ ಎನ್ನಬಹುದು. ಆದರೆ ಪದವಿ ಪಡೆದು ಮೂರು ವರ್ಷ ಕಳೆಯದೆ ಆ ಕ್ಷೇತ್ರದಲ್ಲಿ ಮತವೇ ಇಲ್ಲ. ಅಷ್ಟರಲ್ಲಿ ಬಹುತೇಕರ ಅಪ್ರೆಂಟಿಸ್ ಅವಧಿ ಮುಗಿದಿರುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಬೇರೊಂದು ಅಳುಕು. ಮನವಿಯ ಕೆಳಗೆ ಹೆಸರು, ಸಹಿ, ಕಾರ್ಖಾನೆಯ ವಿಳಾಸ ಇರುತ್ತದೆ. ಅದು ಎಷ್ಟು ಕೈ ದಾಟಿ ಮಾಲೀಕರ ಮೇಜಿಗೆ ಬರುತ್ತದೋ ಹೇಳಲಾಗದು. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಮಾಲೀಕರಿಗಿಲ್ಲ. ನನ್ನ ಮಗಳೇ ಬಂದು ಸಹಿ ಹಾಕಲೇ ಎಂದು ಕೇಳಿದರೆ, ಮೊದಲು ಕೊನೆಯ ತಿಂಗಳ ಪ್ರಮಾಣಪತ್ರ ಕೈಗೆ ಬರಲಿ ಮಗಳೇ ಎಂದೇ ಹೇಳುತ್ತೇನೆ.