ಎರಡು ಸಲ ಸಿಗದಿದ್ದರೆ ನಿಲ್ಲಿಸ್ತೀನಿ ಅಂದವಳಿಗೆ ಕಮ್ಮಿ ಮಾರ್ಕ್ಸು

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕದೆ ಸಮಾಧಾನ ಆಗಲ್ಲ, ಅದಕ್ಕೆ ಬರೀತಿದ್ದೀನಿ. ಉದ್ದ ಇದೆ. ಪುರುಸೊತ್ತಾದಾಗ ಓದಿ.

ಪರಿಚಯದವರ ಲ್ಯಾಬ್ ಒಂದಕ್ಕೆ ಫ್ಲೆಬೋಟಮಿಸ್ಟ್ ಬೇಕಿತ್ತು. ಅದೇ, ಬ್ಲಡ್ ತೆಗೆಯೋರು. ಬೆಳಿಗ್ಗೆ ಮನೆಮನೆಗೆ ಹೋಗಿ ಸ್ಯಾಂಪಲ್ ತರಬೇಕು, ಆಮೇಲೆ ಲ್ಯಾಬ್‌ನಲ್ಲಿ ಕೂತು ಬಂದವರಿಗೆ ತೆಗೆಯಬೇಕು. "ನೀವೂ ಒಂದಿನ ಬಂದು ಇಂಟರ್‌ವ್ಯೂಗೆ ಕೂತ್ಕೊಳ್ಳಿ ಮೇಡಂ, ಕೈ ನೋಡಿದ್ರೆ ನಿಮಗೆ ಗೊತ್ತಾಗುತ್ತೆ" ಅಂದರು. ನನ್ನ ಅರ್ಧ ಆಯುಷ್ಯ ಲ್ಯಾಬ್‌ನಲ್ಲೇ ಕಳೆದಿದೆ, ನಿಮಗೆಲ್ಲ ಗೊತ್ತೇ ಇದೆ. ಖುಷಿಯಿಂದಲೇ ಹೋದೆ. ನಮ್ಮ ದಾವಣಗೆರೆಯಲ್ಲಿ ಈ ಕೆಲಸಕ್ಕೆ ಹುಡುಗರಿಗೇನೂ ಬರ ಇಲ್ಲ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ಆ ಕಡೆ ಹರಪನಹಳ್ಳಿ, ಎಲ್ಲ ಕಡೆಯಿಂದ ಬಂದಿದ್ದರು. ಲ್ಯಾಬ್ ಕೆಲಸದ ಡಿಪ್ಲೊಮಾ ಡಿಎಂಎಲ್‌ಟಿ ಮಾಡಿದವರು, ಅದರದ್ದೇ ಡಿಗ್ರಿ ಬಿಎಸ್ಸಿ ಎಂಎಲ್‌ಟಿ ಮುಗಿಸಿದವರು, ಫೈಲ್ ಎದೆಗೊತ್ತಿಕೊಂಡು ಸಾಲಾಗಿ ಕೂತಿದ್ದರು.

ಮೇಜಿನ ಈ ಕಡೆ ಮೂರು ಜನ. ಪೆಥಾಲಜಿಸ್ಟ್ ಡಾಕ್ಟರ್, ಎಚ್‌ಆರ್‌ನವರು, ನಾನು.

ಎಚ್‌ಆರ್‌ನವರ ಮೊದಲ ಪ್ರಶ್ನೆ, "ಬೈಕ್ ಇದೆಯಾ?" ಎರಡನೇದು, "ಡಿಎಲ್ ಇದೆಯಾ?" ಮೂರನೇದು, "ಬೆಳಿಗ್ಗೆ ಒಂಬತ್ತರೊಳಗೆ ಎಷ್ಟು ಮನೆ ಮುಗಿಸ್ತೀರಾ?" ಎಲ್ಲರಿಗೂ ಇದೇ. ಸರಿ, ಮನೆಮನೆಗೆ ಹೋಗೋ ಕೆಲಸಕ್ಕೆ ಬೈಕ್ ಬೇಕು, ಒಪ್ಪಿದೆ. ಆದರೆ ಸೂಜಿ ಹಿಡಿಯೋ ಕೆಲಸಕ್ಕೆ ಬಂದವರ ಹತ್ತಿರ ಸೂಜಿ ವಿಷಯ ಕೇಳೋಕೆ ನನ್ನ ಸರದಿ ಬರೋವರೆಗೂ ಕಾಯಬೇಕಾಯಿತು.

ನಾನು ಎಲ್ಲರಿಗೂ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ. "ಎಪ್ಪತ್ತು ದಾಟಿದ ಅಜ್ಜಿ ಕೂತಿದ್ದಾರೆ. ಒಂದು ಸಲ ಚುಚ್ಚಿದ್ರಿ, ನರ ಸಿಗಲಿಲ್ಲ. ಇನ್ನೊಂದು ಕೈಗೆ ಚುಚ್ಚಿದ್ರಿ, ಅಲ್ಲೂ ಸಿಗಲಿಲ್ಲ. ಈಗ ಏನ್ಮಾಡ್ತೀರಿ?"

ಒಬ್ಬ ಹುಡುಗ ನೀಟಾಗಿ ಇನ್‌ಶರ್ಟ್ ಮಾಡಿಕೊಂಡು ಬಂದಿದ್ದ. "ನನಗೆ ಮಿಸ್ ಆಗೋದೇ ಇಲ್ಲ ಮೇಡಂ" ಅಂದ. ಅಕಸ್ಮಾತ್ ಆದ್ರೆ ಅಂದೆ. "ಆದ್ರೂ ಬಿಡಲ್ಲ ಮೇಡಂ, ಸಿಗೋವರೆಗೂ ಟ್ರೈ ಮಾಡ್ತೀನಿ. ಸ್ಯಾಂಪಲ್ ಇಲ್ದೆ ವಾಪಸ್ ಬಂದಿದ್ದೇ ಇಲ್ಲ." ಎಚ್‌ಆರ್‌ನವರು ಅವನ ಹಾಳೆ ಮೇಲೆ ದೊಡ್ಡದಾಗಿ ಟಿಕ್ ಹಾಕಿದರು.

ಆಮೇಲೆ ಬಂದವಳು ಜಗಳೂರು ಕಡೆಯ ಹುಡುಗಿ. ಮೆತ್ತಗಿನ ದನಿ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು, "ಎರಡು ಸಲ ಆದ್ಮೇಲೆ ನಾನು ನಿಲ್ಲಿಸ್ತೀನಿ ಮೇಡಂ. ಅಜ್ಜಿಗೆ ಸ್ವಲ್ಪ ನೀರು ಕುಡಿಸಿ ಕೂರಿಸ್ತೀನಿ. ಸೀನಿಯರ್ ಯಾರಾದ್ರೂ ಇದ್ರೆ ಕರೀತೀನಿ. ಮನೇಲಾದ್ರೆ ಲ್ಯಾಬ್‌ಗೆ ಫೋನ್ ಮಾಡಿ, ಸಿಗ್ತಿಲ್ಲ ಅಂತ ಹೇಳ್ತೀನಿ."

ಅವಳ ಹಾಳೆ ಮೇಲೆ ಬಿದ್ದಿದ್ದು: ಕಾನ್ಫಿಡೆನ್ಸ್ ಕಮ್ಮಿ. ಪಕ್ಕದಲ್ಲೇ ಕೂತು ಓದಿದೆ. ಮೈಯೆಲ್ಲ ಉರಿದುಹೋಯಿತು.

ಅವತ್ತು ಬಂದವರಲ್ಲಿ ಸರಿಯಾದ ಉತ್ತರ ಕೊಟ್ಟಿದ್ದೇ ಅವಳು. ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಚುಚ್ಚಬಾರದು ಅನ್ನೋದು ಯಾವುದೇ ಒಳ್ಳೆ ಲ್ಯಾಬ್‌ನಲ್ಲಿ ಇರೋ ಪದ್ಧತಿ. ಅದಕ್ಕೆ ಕಾರಣ ಇದೆ. ಮೂರನೇ ಸಲ ಚುಚ್ಚೋ ಹೊತ್ತಿಗೆ ಕೈಗೆ ಅವಸರ ಬಂದಿರುತ್ತೆ. ಸೂಜಿನ ಹೊರಗೆ ತೆಗೆಯದೆ ಒಳಗೇ ಆ ಕಡೆ ಈ ಕಡೆ ಆಡಿಸಿ ಹುಡುಕೋಕೆ ಶುರು ಮಾಡ್ತಾರೆ. ಮೊಣಕೈ ಮಡಿಕೆಯ ಒಳಭಾಗದಲ್ಲಿ ಬೆಸಿಲಿಕ್ ಅಂತ ಒಂದು ರಕ್ತನಾಳ ಇದೆ. ಅದರ ಹತ್ತಿರದಲ್ಲೇ ಅಪಧಮನಿ ಹೋಗುತ್ತೆ, ಕೈಬೆರಳಿಗೆ ಹೋಗೋ ದೊಡ್ಡ ನರವೂ (ರಕ್ತದ್ದಲ್ಲ, ಸ್ಪರ್ಶ ತಿಳಿಸೋ ನರ್ವ್) ಹೋಗುತ್ತೆ. ಅಲ್ಲಿ ಕೆದಕಿದರೆ ತಿಂಗಳುಗಟ್ಟಲೆ ಬೆರಳು ಜುಮ್ಮೆನ್ನಬಹುದು. ಕೈ ನೀಲಿಗಟ್ಟೋದಂತೂ ಗ್ಯಾರಂಟಿ. ಇಷ್ಟೆಲ್ಲ ಕೆದಕಿ ತೆಗೆದ ರಕ್ತವಾದರೂ ಸರಿ ಇರುತ್ತಾ? ರಕ್ತಕಣ ಒಡೆದು ಹಿಮೋಲೈಸ್ ಆಗಿರುತ್ತೆ. ಕಣದೊಳಗಿನ ಪೊಟ್ಯಾಶಿಯಂ ಹೊರಗೆ ಬಂದು ರಿಪೋರ್ಟ್‌ನಲ್ಲಿ ಏರಿ ಕೂರುತ್ತೆ. ಯಂತ್ರ ಸುಳ್ಳು ಹೇಳಲ್ಲ, ಕೊಟ್ಟಿದ್ದನ್ನ ಅಳೆಯುತ್ತೆ ಅಷ್ಟೆ.

ಜನ ಲ್ಯಾಬ್ ಅಂದ್ರೆ ಯಂತ್ರ ಅಂದ್ಕೊಳ್ತಾರೆ. ಆಡಳಿತದವರೂ ಹಾಗೇ ಅಂದ್ಕೊಂಡಿದ್ದಾರೆ. ಇಟಲಿಯ ಪಡೋವಾ ಊರಿನ ಆಸ್ಪತ್ರೆ ಲ್ಯಾಬ್‌ನವರು ತಮ್ಮಲ್ಲಾದ ತಪ್ಪುಗಳನ್ನು ತಾವೇ ಲೆಕ್ಕ ಹಾಕಿ 1997ರಲ್ಲಿ ಪ್ರಕಟಿಸಿದ್ದರು. 100 ತಪ್ಪಿನಲ್ಲಿ 68 ತಪ್ಪು, ಸ್ಯಾಂಪಲ್ ಯಂತ್ರದೊಳಗೆ ಹೋಗೋ ಮೊದಲೇ ಆಗಿದ್ದವು. ಹತ್ತು ವರ್ಷ ಬಿಟ್ಟು 2007ರಲ್ಲಿ ಮತ್ತೆ ಪ್ರಕಟಿಸಿದಾಗಲೂ 62. ಹೆಸರು ಅದಲುಬದಲು, ತಪ್ಪು ಟ್ಯೂಬ್, ತೆಗೆದ ರೀತಿ, ಇಂಥವೇ. ಅಂದರೆ ಸ್ಯಾಂಪಲ್ ತೆಗೆಯೋರ ಕೈಯಲ್ಲಿ ಇಷ್ಟೊಂದು ಇದೆ. ಅವರನ್ನ ಆರಿಸೋವಾಗ ಕೇಳೋದು ಬೈಕು.

ಆಮೇಲೆ ಪ್ರಾಕ್ಟಿಕಲ್ ಇಡಿಸಿದೆ. ಡಾಕ್ಟರ್ ಮೇಡಂ ಒಪ್ಪಿದ್ದಕ್ಕೆ ಆಯಿತು, ಇಲ್ಲದಿದ್ದರೆ ಅದೂ ಇರಲಿಲ್ಲ. ಕಲಿಕೆಗೆ ಅಂತ ಬರುವ ರಬ್ಬರ್ ಕೈ ಒಂದಿತ್ತು. ಟಿಕ್ ಬಿದ್ದ ಹುಡುಗ ಬಂದ. ಪಟ್ಟಿ ಬಿಗಿದ, ಸ್ಪಿರಿಟ್ ಒರೆಸಿದ, ಒಣಗೋಕೂ ಬಿಡದೆ ಚುಚ್ಚಿದ. ನೇರಳೆ ಮುಚ್ಚಳದ ಟ್ಯೂಬ್ ಮೊದಲು ತುಂಬಿಸಿದ, ಆಮೇಲೆ ಹಳದಿ. ನೇರಳೆ ಟ್ಯೂಬನ್ನ ಟಾನಿಕ್ ಬಾಟಲಿ ಕುಲುಕಿದ ಹಾಗೆ ಕುಲುಕಿದ. ಕೊನೆಗೆ ಸೂಜಿಗೆ ಎರಡೂ ಕೈ ಹಿಡಿದು ಮುಚ್ಚಳ ಹಾಕಿದ. ನಿಜ, ಬಹಳ ಬೇಗ ಮುಗಿಸಿದ. ಎಚ್‌ಆರ್‌ನವರ ಮುಖದಲ್ಲಿ ಖುಷಿ ಕಾಣ್ತಿತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ, ನೇರಳೆ ಟ್ಯೂಬ್‌ನಲ್ಲಿ ಇಡಿಟಿಎ ಇರುತ್ತೆ, ಪೊಟ್ಯಾಶಿಯಂ ಜೊತೆ ಸೇರಿದ್ದು. ರಕ್ತ ಹೆಪ್ಪುಗಟ್ಟದಿರಲಿ ಅಂತ. ಅದರ ಒಂದಿಷ್ಟು ಹಳದಿ ಟ್ಯೂಬ್‌ಗೆ ಸೇರಿಬಿಟ್ಟರೆ ರಿಪೋರ್ಟ್‌ನಲ್ಲಿ ಪೊಟ್ಯಾಶಿಯಂ ಮೇಲಕ್ಕೆ, ಕ್ಯಾಲ್ಸಿಯಂ ಕೆಳಕ್ಕೆ. ಅದಕ್ಕೇ ಒಂದು ಕ್ರಮ ಇದೆ. ಮೊದಲು ನೀಲಿ, ಆಮೇಲೆ ಕೆಂಪು ಹಳದಿ, ಆಮೇಲೆ ನೇರಳೆ, ಕೊನೆಗೆ ಶುಗರಿನ ಬೂದು. ಎಷ್ಟೋ ಕಡೆ ಹಳದಿ ಟ್ಯೂಬ್‌ಗೆ ರಕ್ತ ಸಾಲದಿದ್ದರೆ ನೇರಳೆಯಿಂದ ಸುರಿದು ತುಂಬಿಸಿದ್ದನ್ನೂ ನೋಡಿದ್ದೀನಿ. ಆ ರಿಪೋರ್ಟ್ ನೋಡಿದ ಡಾಕ್ಟರ್ ಪೊಟ್ಯಾಶಿಯಂ ಇಷ್ಟು ಏರಿದ್ರೆ ಹಾರ್ಟ್ ನಿಂತುಹೋದೀತು ಅಂತ ಗಾಬರಿಯಾಗಿ, ರಾತ್ರೋರಾತ್ರಿ ಅಡ್ಮಿಟ್ ಮಾಡಿ ಅಂತಾರೆ. ಆ ಮನೆಯವರ ಪಾಡೇನು, ಅಲ್ವಾ?

ಜಗಳೂರಿನ ಹುಡುಗಿ ಹೇಗೆ ಮಾಡಿದಳು ಅಂತ ಪೂರ್ತಿ ಬರೀತೀನಿ, ಯಾಕಂದ್ರೆ ನೋಡೋಕೆ ಅಷ್ಟು ಚಂದ ಇತ್ತು. ರಬ್ಬರ್ ಕೈ ಮುಂದೆ ಕೂತು, "ನಿಮ್ಮ ಹೆಸರು ಹೇಳಿ ಅಮ್ಮಾ, ವಯಸ್ಸೆಷ್ಟು?" ಅಂತ ಕೇಳಿದಳು. ಉತ್ತರ ನಾನು ಕೊಟ್ಟೆ. ಚೀಟಿಗೆ ತಾಳೆ ನೋಡಿದಳು. "ಹಿಂದೆ ಯಾವಾಗಾದ್ರೂ ಬ್ಲಡ್ ಕೊಡೋವಾಗ ತಲೆ ಸುತ್ತು ಬಂದಿತ್ತಾ? ಯಾವ ಕೈಯಲ್ಲಿ ಚೆನ್ನಾಗಿ ಸಿಗುತ್ತೆ?" ಪಟ್ಟಿ ಕಟ್ಟಿ, ತೋರುಬೆರಳ ತುದಿಯಿಂದ ಒತ್ತಿ ಒತ್ತಿ ನೋಡಿದಳು. ಸಿಕ್ಕಿತು ಅನ್ನಿಸಿದ ಮೇಲೆ ಪಟ್ಟಿ ಬಿಚ್ಚಿದಳು. ಒರೆಸಿದಳು. ಒಣಗೋವರೆಗೂ ಸುಮ್ನೆ ಕೂತಳು. ಆಮೇಲೆ ಮತ್ತೆ ಪಟ್ಟಿ ಕಟ್ಟಿ ಚುಚ್ಚಿದಳು. ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿರಬಾರದು ಅಂತ ಪುಸ್ತಕದಲ್ಲಿ ಎಲ್ಲರೂ ಓದಿರ್ತಾರೆ. ಹೀಗೆ ಬಿಚ್ಚಿ ಮತ್ತೆ ಕಟ್ಟೋರು ಎಷ್ಟು ಜನ? ಟ್ಯೂಬನ್ನ ನಿಧಾನಕ್ಕೆ ತಲೆಕೆಳಗು ಮಾಡಿ ಬೆರೆಸಿದಳು. ಸೂಜಿ ನೇರವಾಗಿ ಬಿಳಿ ಡಬ್ಬಿಗೆ ಹೋಯಿತು, ಮುಚ್ಚಳ ಮುಟ್ಟಲಿಲ್ಲ. "ಕೈ ಮಡಚಬೇಡಿ ಅಮ್ಮಾ, ನೇರವಾಗಿಟ್ಟು ಹತ್ತಿ ಒತ್ತಿ ಹಿಡ್ಕೊಳ್ಳಿ" ಅಂತ ರಬ್ಬರ್ ಕೈಗೂ ಹೇಳಿದಳು. ಲೇಬಲ್ ಅಲ್ಲೇ, ಆ ಕೈ ಮುಂದೆಯೇ ಅಂಟಿಸಿದಳು.

ಎಚ್‌ಆರ್‌ನವರು ವಾಚ್ ನೋಡಿ "ಸ್ಲೋ" ಅಂತ ಬರೆದರು.

ಅವಳು ಹೆಸರು ಕೇಳಿದ ರೀತಿ ನೋಡಿ. "ನೀವು ಲಕ್ಷ್ಮಮ್ಮನಾ?" ಅಂತ ಕೇಳಲಿಲ್ಲ, "ಹೆಸರು ಹೇಳಿ" ಅಂದಳು. ನಮ್ಮ ಊರಲ್ಲಿ ಒಂದು ಬೆಳಿಗ್ಗೆಗೆ ಮೂರು ಜನ ಲಕ್ಷ್ಮಮ್ಮ ಬರ್ತಾರೆ. ಕಿವಿ ಮಂದ ಆದ ಅಜ್ಜಿಗೆ ಏನು ಕೇಳಿದ್ರೂ "ಹೂಂ" ಅಂತಾರೆ. ಒಬ್ಬರ ಶುಗರ್ ಇನ್ನೊಬ್ಬರಿಗೆ ಹೋಗಿ, ಬೇಡದ ಮಾತ್ರೆ ನುಂಗಿ ಬೀಳೋರು ಯಾರು? ಉಳಿದವರಿಗೆ ಒಂದೇ ಹೆಸರಿನ ಮೂರು ಜನ ಬಂದ್ರೆ ಏನ್ಮಾಡ್ತೀರಿ ಅಂತ ಕೇಳಿದಾಗ ಹೆಚ್ಚಿನವರು "ಜೋರಾಗಿ ಕೂಗ್ತೀನಿ ಮೇಡಂ" ಅಂದರು. ಪಾಪ, ಕಾಲೇಜಲ್ಲಿ ಸರಿಯಾಗಿ ಹೇಳಿಕೊಟ್ಟಿಲ್ಲ, ಹುಡುಗರನ್ನ ಬೈದು ಏನು ಬಂತು. ನನ್ನ ಸಿಟ್ಟು ಅವರ ಮೇಲಲ್ಲ, ಆ ಇನ್‌ಶರ್ಟ್ ಹುಡುಗನ ಮೇಲೂ ಅಲ್ಲ. ಅವನಿಗೆ ಆರು ತಿಂಗಳು ಒಳ್ಳೆ ಸೀನಿಯರ್ ಸಿಕ್ಕರೆ ಚೆನ್ನಾಗಿ ತಯಾರಾಗ್ತಾನೆ. ಜಂಬದ ಮಾತಿಗೆ ಟಿಕ್ ಹಾಕೋರ ಮೇಲೆ ನನ್ನ ಸಿಟ್ಟು.

ಒಂದು ವಿಷಯ ಇಲ್ಲಿ ಹೇಳಿಬಿಡ್ತೀನಿ. ಅಮ್ಮನಿಗೆ ಡಯಾಲಿಸಿಸ್ ಆಗ್ತಿದ್ದಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರು, ಅಂದ್ರೆ ಡಯಾಲಿಸಿಸ್‌ಗೆ ಅಂತ ಅಪಧಮನಿನ ಅಭಿಧಮನಿಗೆ ಸೇರಿಸಿ ಹೊಲಿದಿದ್ದರು. ಬೆರಳಿಟ್ಟರೆ ಒಳಗೆ ಜುಂ ಅಂತ ರಕ್ತ ಹರಿಯೋದು ಗೊತ್ತಾಗೋದು. ಆ ಕೈಗೆ ಬಿಪಿ ಪಟ್ಟಿ ಕಟ್ಟೋ ಹಾಗಿಲ್ಲ, ಬ್ಲಡ್ ತೆಗೆಯೋ ಹಾಗಿಲ್ಲ. ಅದು ಕೆಟ್ಟರೆ ಡಯಾಲಿಸಿಸ್‌ಗೆ ಇರೋ ಒಳ್ಳೆ ದಾರಿ ಮುಚ್ಚುತ್ತೆ. ಒಂದು ಬೆಳಿಗ್ಗೆ ನಾನು ಡ್ಯೂಟಿಯಲ್ಲಿದ್ದಾಗ ಮನೆಗೆ ಸ್ಯಾಂಪಲ್ ತೆಗೆಯೋಕೆ ಬಂದವನು ಅದೇ ಕೈಗೆ ಪಟ್ಟಿ ಕಟ್ಟೋಕೆ ಹೋಗಿದ್ದ. ಅಮ್ಮ "ಆ ಕೈ ಬೇಡಪ್ಪಾ" ಅಂದರೂ, "ಇಲ್ಲೇ ದಪ್ಪ ನರ ಕಾಣ್ತಿದೆ ಅಮ್ಮಾ, ಒಂದೇ ನಿಮಿಷ" ಅಂದನಂತೆ. ಅಮ್ಮ ಕೈ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತುಬಿಟ್ಟರು. ಅವನಿಗೂ ಆ ಬೆಳಿಗ್ಗೆ ಇನ್ನೆಷ್ಟು ಮನೆ ಬಾಕಿ ಇತ್ತೋ. ಅಮ್ಮ ಈಗ ಇಲ್ಲ. ಆದರೆ "ಎಷ್ಟು ಮನೆ ಮುಗಿಸ್ತೀರಾ" ಅನ್ನೋ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಸೆರಗಿನೊಳಗಿನ ಕೈ ನೆನಪಾಗುತ್ತೆ. ನಿಲ್ಲಿಸ್ತೀನಿ ಅನ್ನೋ ಹುಡುಗಿ ಯಾಕೆ ಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎಚ್‌ಆರ್‌ನವರು ಟೀ ಕುಡಿಯೋವಾಗ ತಮ್ಮ ಕಷ್ಟ ಹೇಳಿಕೊಂಡರು. "ಮೇಡಂ, ಎಲ್ಲರೂ ಖಾಲಿ ಹೊಟ್ಟೇಲಿ ಕಾಯ್ತಿರ್ತಾರೆ. ಆರರಿಂದ ಒಂಬತ್ತರೊಳಗೆ ಎಲ್ಲ ಮುಗೀಬೇಕು. ಹತ್ತು ನಿಮಿಷ ತಡ ಆದ್ರೆ ಫೋನ್ ಮಾಡಿ ಬಯ್ತಾರೆ, ಆಪ್‌ನಲ್ಲಿ ಒಂದು ಸ್ಟಾರ್ ಕೊಡ್ತಾರೆ." ಸುಳ್ಳಲ್ಲ. ಸಕ್ಕರೆ ಕಾಯಿಲೆಯವರು ತಿಂಡಿ ತಿನ್ನದೆ ಒಂಬತ್ತರವರೆಗೆ ಕೂರೋದು ಕಷ್ಟವೇ. ಬೂದು ಟ್ಯೂಬ್‌ಗೆ ಹಾಕದೆ ಬಿಟ್ಟ ರಕ್ತದಲ್ಲಿ ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟ್ ಶುಗರ್ ಇಳಿಯುತ್ತೆ, ನಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ ಬೈಕ್ ಬ್ಯಾಗ್‌ನೊಳಗೆ ಕೇಳಲೇಬೇಡಿ. ಬೇಗ ತರೋದು ಬೇಕು. ಆದರೆ ರಿಪೀಟ್ ಸ್ಯಾಂಪಲ್‌ನ ಲೆಕ್ಕ ಯಾರು ಹಾಕ್ತಾರೆ? ಹಿಮೋಲೈಸ್ ಆದ ಸ್ಯಾಂಪಲ್‌ಗೆ ಮತ್ತೆ ಅದೇ ಮನೆಗೆ ಹೋಗಬೇಕು, ಮತ್ತೆ ಪೆಟ್ರೋಲು, ಮತ್ತೆ ಅದೇ ಅಜ್ಜಿಗೆ ಚುಚ್ಚಬೇಕು, ಬೈಗುಳ ಬೇರೆ. ಒಂದೇ ಸಲಕ್ಕೆ ಸರಿಯಾಗಿ ತೆಗೆಯೋದಕ್ಕಿಂತ ಬೇಗ ಆಗೋ ದಾರಿ ಇನ್ನೊಂದಿಲ್ಲ. ಕೈ ಚೆನ್ನಾಗಿರೋರನ್ನ ಜನ ಹೆಸರು ಹಿಡಿದು ಕೇಳ್ತಾರೆ. "ಹೋದ ಸಲ ಬಂದಿದ್ದ ಹುಡುಗನ್ನೇ ಕಳಿಸಿ, ನೋವೇ ಆಗಲಿಲ್ಲ" ಅಂತ ಫೋನ್ ಬರುತ್ತೆ. ಲ್ಯಾಬ್ ನಡೆಸೋರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಇನ್ನೊಂದು ಮಾತು ಅವರು ಕೇಳಲೇ ಇಲ್ಲ, ನಾನೇ ಕೇಳಿದೆ. "ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆಯಾ?" ಅರ್ಧಕ್ಕರ್ಧ ಜನ ಮುಖ ಮುಖ ನೋಡಿದರು. ಡಿಎಲ್ ಇದೆಯಾ ಅಂತ ಕೇಳೋರು ಇದನ್ನ ಕೇಳಬೇಡವಾ? ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಇರೋರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲೋ ಸಾಧ್ಯತೆ 100ಕ್ಕೆ 6ರಿಂದ 30. ಎಚ್‌ಐವಿಗೆ 1000ಕ್ಕೆ 3 ಅಷ್ಟೆ, ಆದರೆ ಎಲ್ಲರೂ ಹೆದರೋದು ಅದಕ್ಕೇ. ಎರಡು ಕೈಯಲ್ಲಿ ಹಿಡಿದು ಸೂಜಿಗೆ ಮುಚ್ಚಳ ಹಾಕ್ತಾರಲ್ಲ, ಬೆರಳಿಗೆ ಚುಚ್ಚಿಕೊಳ್ಳೋದು ಆಗಲೇ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲೇ ಬರೆದಿದೆ, ಈ ತ್ಯಾಜ್ಯ ಮುಟ್ಟೋ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸೋದು ಸಂಸ್ಥೆಯ ಜವಾಬ್ದಾರಿ ಅಂತ. ಹುಡುಗರ ಜೇಬಿಂದಲ್ಲ. ಅವರಿಗೆ ಕೊಡೋ ಸಂಬಳ ಹೇಳಿದಾಗ ಅವರ ಮುಖ ನೋಡೋಕೆ ನನಗೆ ಆಗಲಿಲ್ಲ, ಅದನ್ನ ಇಲ್ಲಿ ಬರೆಯಲ್ಲ.

ಕೊನೆಗೆ ಹಾಳೆಗಳನ್ನ ಮುಂದಿಟ್ಟುಕೊಂಡಾಗ ಜಗಳವೇ ಆಯಿತು. ಜಗಳೂರಿನ ಹುಡುಗಿ ಬಗ್ಗೆ ಎಚ್‌ಆರ್‌ನವರು "ಬೈಕ್ ಇಲ್ಲ, ಸ್ಲೋ, ಕಾನ್ಫಿಡೆನ್ಸ್ ಇಲ್ಲ" ಅಂದರು. ನಾನು ಅಂದೆ, "ನಿಮ್ಮ ತಾಯಿಗೆ ಬ್ಲಡ್ ತೆಗೀಬೇಕು. ಈ ಇಬ್ಬರಲ್ಲಿ ಯಾರನ್ನ ಮನೆಗೆ ಕರೀತೀರಿ?" ಅವರು ಏನೂ ಹೇಳಲಿಲ್ಲ. ಡಾಕ್ಟರ್ ಮೇಡಂ ಹುಡುಗಿಯ ಹಾಳೆ ತೆಗೆದುಕೊಂಡು ತಾವೇ ಸಹಿ ಹಾಕಿದರು. ಸದ್ಯಕ್ಕೆ ಲ್ಯಾಬ್‌ನಲ್ಲೇ ಕೂತು ತೆಗೆಯೋ ಕೆಲಸ, ಮೂರು ತಿಂಗಳು ನೋಡೋಣ ಅಂತ. ಆ ಹುಡುಗನನ್ನೂ ತಗೊಂಡಿದ್ದಾರೆ. ಮೊದಲ ತಿಂಗಳು ಸೀನಿಯರ್ ಜೊತೆಯಲ್ಲಿ ಮಾತ್ರ ಕಳಿಸಿ ಅಂತ ಹೇಳಿ ಬಂದಿದ್ದೀನಿ. ಲಸಿಕೆ ಇಬ್ಬರಿಗೂ ಲ್ಯಾಬ್‌ನವರೇ ಹಾಕಿಸ್ತಾರೆ, ಅದನ್ನ ಬರೆಸಿಕೊಂಡೇ ಎದ್ದೆ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಹುಡುಗಿ ಸೋಮವಾರದಿಂದ ಬರ್ತಾಳೆ, ಡ್ಯೂಟಿ ಬೆಳಿಗ್ಗೆ ಆರಕ್ಕೆ. ಜಗಳೂರಿಂದ ಆ ಹೊತ್ತಿಗೆ ದಿನಾ ಬಂದು ಮುಟ್ಟೋದು ಆಗದ ಮಾತು. ಪಿ.ಬಿ. ರೋಡ್ ಅಥವಾ ವಿದ್ಯಾನಗರದ ಕಡೆ ಹೆಣ್ಮಕ್ಕಳ ಪಿಜಿ ಇದ್ದರೆ, ಬಾಡಿಗೆ ಕಮ್ಮಿ ಇರಬೇಕು, ಬೆಳಿಗ್ಗೆ ಐದೂವರೆಗೆ ಗೇಟ್ ತೆಗೆಯೋರಿರಬೇಕು, ದಯವಿಟ್ಟು ಇನ್‌ಬಾಕ್ಸ್‌ಗೆ ಹಾಕಿ.