ಹುಡುಕಲೂ ಬೇಕು, ಹೊಡೆಯಲೂ ಬೇಕು

ನೆಂಟರು ಬಂದಾಗಲೆಲ್ಲ ನಮ್ಮ ಸೋಫಾ-ಕಮ್-ಬೆಡ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಗಲು ಕೂತರೆ ಸೊಂಟ ಹಿಡಿಯುತ್ತದೆ, ರಾತ್ರಿ ಮಲಗಿದರೆ ನಡುವಿನ ಕಬ್ಬಿಣದ ಪಟ್ಟಿ ಬೆನ್ನಿಗೆ ಒತ್ತುತ್ತದೆ. ಎರಡು ಕೆಲಸಕ್ಕೆಂದು ಮಾಡಿದ್ದು ಒಂದಕ್ಕೂ ಬಾರದು ಎಂಬುದು ನನ್ನ ವಾದ. ಇಂಥ ಹೊತ್ತಿನಲ್ಲಿ ಬೇರೆಯವರಿಗೆ ದೇವರು ನೆನಪಾಗುತ್ತಾನೇನೋ. ನನಗೆ ನೆನಪಾಗುವುದು ಬ್ಲ್ಯಾಕ್‌ಬರ್ನ್ ನಾಟಿಲಸ್.

1929ರ ಇಂಗ್ಲೆಂಡಿನ ವಿಮಾನ ಅದು. ಮಾಡಿದ್ದು ಒಂದೇ ಒಂದು, ನಂಬರು ಎನ್234. ಅಲ್ಲಿನ ವಾಯುಯಾನ ಇಲಾಖೆಯಾದ ಏರ್ ಮಿನಿಸ್ಟ್ರಿ ಬರೆದ ಓ.22/26 ಎಂಬ ಬೇಡಿಕೆಗಳ ಪಟ್ಟಿಯನ್ನು ತಲೆಯ ಮೇಲೆ ಹೊತ್ತೇ ಹುಟ್ಟಿತು. ಸಮುದ್ರದಲ್ಲಿ ಶತ್ರುವಿನ ಹಡಗು ಎಲ್ಲಿದೆ ಅಂತ ಹುಡುಕಿ ಸುದ್ದಿ ಕಳಿಸಬೇಕು. ಎದುರಿಗೆ ವಿಮಾನ ಬಂದರೆ ಕಾದಾಡಲೂ ಬೇಕು. ಹಡಗಿನಲ್ಲಿಡಲು ರೆಕ್ಕೆ ಮಡಚಿಕೊಳ್ಳಬೇಕು. ಚಕ್ರ ಬಿಚ್ಚಿ ಫ್ಲೋಟ್, ಅಂದರೆ ತೇಲುವ ದೋಣಿಗಾಲು, ಕಟ್ಟಿದರೆ ನೀರಿನಲ್ಲೂ ಇಳಿಯಬೇಕು. ಕಾಫಿ ಕಾಸಬೇಕು ಎಂದೊಂದು ಬರೆಯಲು ಮರೆತಿದ್ದರು. ಪಟ್ಟಿ ಬರೆಯುವವರು ಯಾವ ಕಾಲದಲ್ಲೂ, ಯಾವ ದೇಶದಲ್ಲೂ ಹೀಗೇ. ಕುರ್ಚಿಯಿಂದ ಏಳದವರಿಗೆ ಇನ್ನೊಂದು ಸಾಲು ಸೇರಿಸುವುದಕ್ಕೇನು ಕಷ್ಟ?

ಹಿಂದಿನ ಸೀಟಿನಲ್ಲಿ ಕೂತು ದಾರಿ ಲೆಕ್ಕ ಹಾಕುವ, ಹಡಗು ಹುಡುಕುವ ಅಬ್ಸರ್ವರ್ ಪಾಡು ನೋಡಿ. ಮೇಲೆ ಮುಚ್ಚಳವಿಲ್ಲದ ಕಾಕ್‌ಪಿಟ್ಟು, ಮುಖಕ್ಕೆ ರಾಚುವ ಗಾಳಿ, ಕೈಯಲ್ಲಿ ನಕ್ಷೆ, ಪೆನ್ಸಿಲು, ಪಕ್ಕದಲ್ಲೇ ಲೂಯಿಸ್ ಗನ್ ಎಂಬ ಮೆಷಿನ್‌ಗನ್ನು. ಅವನ ಲೆಕ್ಕ ತಪ್ಪದಿರಬೇಕಾದರೆ ವಿಮಾನ ಗೆರೆ ಎಳೆದಂತೆ ಹೋಗಬೇಕು. ಕಾಳಗಕ್ಕಿಳಿದ ಪೈಲಟ್ಟಿಗೋ, ಗೆರೆ ಎಳೆದಂತೆ ಹೋದರೆ ಪ್ರಾಣಕ್ಕೇ ಸಂಚಕಾರ. ಅವನು ಒಂದು ಲಾಗ ಹೊಡೆದನೆಂದರೆ ಇವನ ಪೆನ್ಸಿಲು ಸಮುದ್ರದ ಪಾಲು.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದಕ್ಕೆ ಯಜಮಾನರೂ ಇಬ್ಬರು! ಹಡಗಿನಿಂದ ಹಾರುವ ವಿಮಾನಗಳ ದಳವಾದ ಫ್ಲೀಟ್ ಏರ್ ಆರ್ಮ್ 1924ರಿಂದ ವಾಯುಪಡೆಯ ಒಂದು ಭಾಗವಾಗಿತ್ತು. ಹಡಗು ನೌಕಾಪಡೆಯದು, ಅದರ ಮೇಲೆ ನಿಂತ ವಿಮಾನ ವಾಯುಪಡೆಯದು. ಅಬ್ಸರ್ವರ್ ನೌಕಾಪಡೆಯವನು, ಪೈಲಟ್ ಎರಡರಲ್ಲಿ ಯಾವ ಕಡೆಯವನೂ ಆಗಿರಬಹುದು. ನೌಕಾಪಡೆಯಿಂದ ಬಂದ ಪೈಲಟ್ಟಿಗಂತೂ ಎರಡು ಹುದ್ದೆ: ಹಡಗಿನ ಲೆಕ್ಕಕ್ಕೊಂದು, ಆಕಾಶದ ಲೆಕ್ಕಕ್ಕೊಂದು. ಮನುಷ್ಯನನ್ನೇ 'ಕಮ್' ಮಾಡಿಟ್ಟಿದ್ದರು! ಈ ಜಗಳ ಬಗೆಹರಿಸಲು 1937ರಲ್ಲಿ ಮಂತ್ರಿ ಸರ್ ಥಾಮಸ್ ಇನ್‌ಸ್ಕಿಪ್ ತೀರ್ಪು ಕೊಡಬೇಕಾಯಿತು. ವಿಮಾನಗಳು ನೌಕಾಪಡೆಯ ಕೈಸೇರಿದ್ದು 1939ರಲ್ಲಿ. ಪಾಲುಪಟ್ಟಿಯ ವ್ಯಾಜ್ಯಗಳು ನಮ್ಮಲ್ಲಿ ಮಾತ್ರ ಹೀಗೆ ಎಳೆಯುತ್ತವೆ ಎಂದುಕೊಂಡಿದ್ದವರು ಸ್ವಲ್ಪ ಸಮಾಧಾನಪಟ್ಟುಕೊಳ್ಳಬಹುದು.

ಆ ಪಟ್ಟಿಗೆ ಹೊಂದುವ ವಿಮಾನ ಯಾವುದೆಂಬ ಸ್ಪರ್ಧೆಯಲ್ಲಿ ನಾಟಿಲಸ್ ಸೋತಿತು. ಜೊತೆಗಿಳಿದ ಫೇರಿ ಫ್ಲೀಟ್‌ವಿಂಗ್ ಒಂದೇ ವಿಮಾನಕ್ಕೆ ನಿಂತಿತು, ಶಾರ್ಟ್ ಗರ್ನಾರ್ಡ್ ಎರಡಕ್ಕೆ. ಗರ್ನಾರ್ಡ್ ಎಂಬುದು ಮೀನು, ನಾಟಿಲಸ್ ಒಂದು ಕಡಲಚಿಪ್ಪಿನ ಪ್ರಾಣಿ. ಗೆದ್ದ ಹಾಕರ್ ಓಸ್ಪ್ರೇ? ಮೀನು ತಿನ್ನುವ ಗಿಡುಗ. ಹಣೆಬರಹ ಹೆಸರಿಡುವಾಗಲೇ ಗೊತ್ತಾಗಿತ್ತು ಅನ್ನಿ.

ಈ ಓಸ್ಪ್ರೇಯೇ ನನ್ನ ತಲೆನೋವು. 1928ರಲ್ಲೇ ಹಾರಿದ್ದ ಹಾರ್ಟ್ ಎಂಬ ಬಾಂಬರಿಗೆ ಮಡಚುವ ರೆಕ್ಕೆ ಕೊಟ್ಟು ಹಡಗಿಗೆ ಒಗ್ಗಿಸಿದರು, ಅಷ್ಟೆ. ಅದು 1932ರಿಂದ ನೌಕಾಪಡೆಯ ಜೊತೆ ಹಾರಿತು, ಹುಡುಕುವ ಕೆಲಸವನ್ನೂ ಹೊಡೆಯುವ ಕೆಲಸವನ್ನೂ ಮಾಡಿತು. ನೂರಕ್ಕೂ ಹೆಚ್ಚು ಕಟ್ಟಿದರು. ಹಾಗಾದರೆ ಎರಡು ಕೆಲಸಕ್ಕೆಂದು ಮಾಡಿದ್ದು ಒಂದಕ್ಕೂ ಬಾರದು ಎಂಬ ನನ್ನ ವಾದ ಏನಾಯಿತು ಎಂದು ಕೇಳುತ್ತೀರಿ. ಓಸ್ಪ್ರೇಯ ಮಾತೆತ್ತದಿದ್ದರೆ ಅದಕ್ಕೇನೂ ಆಗಿಲ್ಲ, ಚೆನ್ನಾಗಿಯೇ ಇದೆ.